ಮೇಲಕ್ಕೆಸೆದ ಕಲ್ಲು

ಕಲ್ಲೊಂದನ್ನು ನೆಟ್ಟಗೆ ಮೇಲಕ್ಕೆಸೆದರೆ ಅದು ಏರುತ್ತದೆ, ತುದಿಯಲ್ಲಿ ಕ್ಷಣಮಾತ್ರ ನಿಲ್ಲುತ್ತದೆ, ಮರಳಿ ಬೀಳುತ್ತದೆ. ತುದಿಯಲ್ಲಿ ಅದರ ವೇಗೋತ್ಕರ್ಷವೆಷ್ಟು? ಜಯನಗರದ ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬ ಸೊನ್ನೆಯೆಂದು ಬರೆದಿದ್ದ. ಸೂತ್ರಗಳೆಲ್ಲ ಅವನಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ಆದರೆ, "ಅಲ್ಲಿ ಕಲ್ಲು ನಿಂತೇಬಿಟ್ಟಿತಲ್ಲ ಸಾರ್, ಇನ್ನೆಲ್ಲಿಯ ಸೆಳೆತ?" ಎಂದು ನನ್ನನ್ನು ಕೇಳಿದ್ದು ಕನ್ನಡದಲ್ಲಿ.

ಈ ಬಗೆಯ ಸಂಶಯ ಹಳೆಯದು. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ 'ಎರಡು ಹೊಸ ವಿಜ್ಞಾನಗಳು' ಎಂಬ ಗ್ರಂಥದಲ್ಲಿ ಗೆಲಿಲಿಯೋ ಮೂವರು ಗೆಳೆಯರನ್ನು ಮಾತಿಗೆ ಕೂರಿಸಿದ್ದಾನೆ. ಅವರಲ್ಲಿ ಸಾಗ್ರೆಡೊ ಕೇಳುತ್ತಾನೆ: ಕೈ ಕೊಟ್ಟ ಬಲ ಕುಂದುತ್ತ ಬಂದು ಭಾರಕ್ಕೆ ಸಮನಾದಾಗ ವಸ್ತು ತುದಿಯಲ್ಲಿ ನಿಲ್ಲುವುದಲ್ಲವೆ? ಕಾರಣದ ತರ್ಕ ಈಗ ಬೇಡ, ಚಲನೆ ಹೇಗೆ ಸಾಗುತ್ತದೆಂಬುದನ್ನು ಮೊದಲು ನೋಡೋಣವೆಂಬುದು ಸಾಲ್ವಿಯಾಟಿಯ ಉತ್ತರ. ಆ ಗ್ರಂಥದಲ್ಲಿ ಚಲನೆಯ ಪ್ರಮೇಯಗಳು ಲ್ಯಾಟಿನ್ನಿನಲ್ಲಿವೆ. ಸಂಶಯಗಳೂ ಸಮಾಧಾನಗಳೂ ಜನರ ಇಟಾಲಿಯನ್ನಿನಲ್ಲಿವೆ.

ನಾವೂ ಹಾಗೆಯೇ ನೋಡೋಣ. ಗಾಳಿಯ ತಡೆಯನ್ನು ಬದಿಗಿಟ್ಟು, ಸೆಕೆಂಡಿಗೆ 19.6 ಮೀಟರ್ ವೇಗದಿಂದ ಕಲ್ಲೆಸೆದೆವೆನ್ನಿ. ಒಂದು ಸೆಕೆಂಡಿನ ಬಳಿಕ ವೇಗ 9.8; ಎರಡರ ಬಳಿಕ ಸೊನ್ನೆ, ಆಗಿನ ಎತ್ತರ 19.6 ಮೀಟರ್. ಮೂರರ ಬಳಿಕ ಕೆಳಮುಖವಾಗಿ 9.8, ನಾಲ್ಕರ ಬಳಿಕ 19.6, ಕಲ್ಲು ಕೈಗೆ ಮರಳಿತು. ಪ್ರತಿ ಸೆಕೆಂಡಿನಲ್ಲೂ ಕೆಳಮುಖವಾದ ಬದಲಾವಣೆ ಒಂದೇ, 9.8. ತುದಿಯಲ್ಲಿಯೂ ಅದಕ್ಕೆ ಬಿಡುವಿಲ್ಲ. ಇದ್ದಿದ್ದರೆ ಕಲ್ಲು ತೆಂಗಿನ ಮರದೆತ್ತರದಲ್ಲಿ ತೂಗಿಕೊಂಡೇ ಇರಬೇಕಾಗಿತ್ತು.

ಇಲ್ಲಿ ಪದವೂ ತೊಡಕೊಡ್ಡುತ್ತದೆ. ಉತ್ಕರ್ಷವೆಂದರೆ ಏಳಿಗೆ, ಏರುವ ಕಲ್ಲಿನ ವೇಗವಾದರೋ ಇಳಿಯುತ್ತದೆ. ಇದು ಕನ್ನಡದ ಬಡತನವಲ್ಲ. ಇಂಗ್ಲಿಷಿನ 'ಆಕ್ಸಲರೇಷನ್' ಕೂಡ ಲೋಕರೂಢಿಯಲ್ಲಿ ವೇಗದ ಹೆಚ್ಚಳವೇ. ವೇಗ ಬದಲಾಗುವ ದರವೆಂಬ ಶಾಸ್ತ್ರಾರ್ಥ ಪದಕ್ಕೆ ಬರುವುದು ಬಳಕೆಯಿಂದ, ಚರ್ಚೆಯಿಂದ.

ಬೆಂಗಳೂರಿನಲ್ಲಿ ಆ ಚರ್ಚೆಗೆ ನೆಲ ಹಸನುಮಾಡಿದವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು. ಪಂಪಭಾರತದ ಸಂಪಾದನೆಯಲ್ಲಿ ದುಡಿದ ಕೈಯೂ ಅವರದೇ. ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಅವರು 1918ರಲ್ಲಿ ಆರಂಭಿಸಿದ 'ವಿಜ್ಞಾನ' ಮಾಸಪತ್ರಿಕೆ ಎರಡು ವರ್ಷ ನಡೆದು ನಿಂತಿತು. ನಿಂತದ್ದು ಪತ್ರಿಕೆ, ಸೆಳೆತವಲ್ಲ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಮುಂದೆ ನಮ್ಮ ನೆರೆಯ ಬನಶಂಕರಿಯಲ್ಲಿ ನೆಲೆಯೂರಿತು.

ಸೂತ್ರ ಯಾವ ಭಾಷೆಯಲ್ಲೇ ಇರಲಿ, ಸಂಶಯ ಹುಟ್ಟುವುದು ತಾಯ್ನುಡಿಯಲ್ಲಿ. ಅಲ್ಲಿ ಅದನ್ನು ಕೇಳಿಸಿಕೊಳ್ಳುವವರಿಲ್ಲದಿದ್ದರೆ ಬಾಯಿಪಾಠವೊಂದೇ ಉಳಿಯುತ್ತದೆ. ಹುಡುಗ ಸೊನ್ನೆಯನ್ನು ಹೊಡೆದುಹಾಕಿ, 9.8 ಎಂದು ಬರೆದು, ಪಕ್ಕದಲ್ಲಿ ಕೆಳಮುಖವಾಗಿ ಒಂದು ಬಾಣವನ್ನೆಳೆದ.