ಉದರದ ಮಹಾಧಮನಿಯ ಉಬ್ಬು: ಇಂಗ್ಲೆಂಡಿನ ರಾಷ್ಟ್ರೀಯ ತಪಾಸಣೆಯ ಚರಿತ್ರೆ

ಹೃದಯದಿಂದ ಹೊರಟ ಮಹಾಧಮನಿಯ ಗೋಡೆಯು ಉದರಭಾಗದಲ್ಲಿ ಕೆಲವರಿಗೆ, ವಿಶೇಷವಾಗಿ ಧೂಮಪಾನದ ಅಭ್ಯಾಸವುಳ್ಳ ವೃದ್ಧ ಪುರುಷರಿಗೆ, ಬಲಗುಂದಿ ಉಬ್ಬುವುದುಂಟು. ಈ ಉಬ್ಬು ಸಾಮಾನ್ಯವಾಗಿ ನೋವನ್ನುಂಟುಮಾಡದೆ ವರ್ಷಗಟ್ಟಲೆ ಬೆಳೆಯುತ್ತದೆ. ಒಡೆದರೆ ಬದುಕುವವರು ವಿರಳ. ೧೯೫೫ರಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಮರಣಕ್ಕೆ ಇದೇ ಕಾರಣವಾಯಿತು. ಯಾವ ಬಾಧೆಯನ್ನೂ ಹೇಳಿಕೊಳ್ಳದವನನ್ನು ತಾನಾಗಿ ಕರೆದು ರೋಗವನ್ನು ಹುಡುಕುವ ಅಧಿಕಾರ ಸರಕಾರಕ್ಕೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಅನುಭವವು ಉತ್ತರವನ್ನು ಕೊಡುತ್ತದೆ.

೧೯೫೧ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಎಂಬ ಶಸ್ತ್ರವೈದ್ಯನು ಉಬ್ಬಿದ ಭಾಗವನ್ನು ತೆಗೆದು ಬೇರೆ ಧಮನಿಯನ್ನು ಜೋಡಿಸಿದುದರಿಂದ ಚಿಕಿತ್ಸೆಯ ದಾರಿ ತೆರೆಯಿತು. ಬಳಿಕ ಬಂದ ಅಲ್ಟ್ರಾಸೌಂಡ್ ಯಂತ್ರವು ದೇಹವನ್ನು ಕೊಯ್ಯದೆಯೇ ಉಬ್ಬನ್ನು ಅಳೆಯುವುದನ್ನು ಸುಲಭಗೊಳಿಸಿತು. ಚಿಚೆಸ್ಟರ್ ನಗರದಲ್ಲಿ ಆಲನ್ ಸ್ಕಾಟ್ ಮತ್ತು ಸಹೋದ್ಯೋಗಿಗಳು ೧೯೮೮ರಿಂದ ಇದನ್ನು ಸಾಮೂಹಿಕವಾಗಿ ಪ್ರಯೋಗಿಸಿದರು.

ಆದರೂ ಸಾಧನವು ದೊರೆತಮಾತ್ರಕ್ಕೆ ಯೋಜನೆ ಆರಂಭವಾಗಲಿಲ್ಲ. ಇದಕ್ಕೆ ಬಲವಾದ ಕಾರಣವಿದ್ದಿತು. ಕಂಡುಬಂದ ಉಬ್ಬುಗಳೆಲ್ಲವೂ ಒಡೆಯುವುದಿಲ್ಲ. ಶಸ್ತ್ರಕ್ರಿಯೆಯಾದರೋ ಕೆಲವರನ್ನು ಕೊಲ್ಲುತ್ತದೆ. ೧೯೯೮ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯೊಂದರಿಂದ, ೫.೫ ಸೆಂಟಿಮೀಟರಿಗಿಂತ ಕಿರಿದಾದ ಉಬ್ಬನ್ನು ಬೇಗನೆ ಕೊಯ್ಯುವುದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ವಿದಿತವಾಯಿತು. ೨೦೦೨ರಲ್ಲಿ ೬೫ರಿಂದ ೭೪ ವಯಸ್ಸಿನ ಸುಮಾರು ೬೭,೮೦೦ ಪುರುಷರ ಮಹಾಪರೀಕ್ಷೆಯ ಫಲಿತಾಂಶ ಹೊರಬಿದ್ದಿತು. ಸರಿಸುಮಾರು ಸಮಸಂಖ್ಯೆಯ ಎರಡು ಗುಂಪುಗಳ ಪೈಕಿ, ತಪಾಸಣೆಗೆ ಕರೆಯಲ್ಪಟ್ಟವರಲ್ಲಿ ೬೫ ಮಂದಿಯೂ ಕರೆಯಲ್ಪಡದವರಲ್ಲಿ ೧೧೩ ಮಂದಿಯೂ ಈ ವ್ಯಾಧಿಯಿಂದ ಸತ್ತಿದ್ದರು. ಮುಂಚಿತವಾಗಿ ನಿಶ್ಚಯಿಸಿದ ಶಸ್ತ್ರಕ್ರಿಯೆಯ ಬಳಿಕ ಮೂವತ್ತು ದಿನಗಳೊಳಗೆ ನೂರಕ್ಕೆ ೬ ಮಂದಿ ಸತ್ತರೆ, ತುರ್ತಿನ ಶಸ್ತ್ರಕ್ರಿಯೆಯ ಬಳಿಕ ೩೭ ಮಂದಿ ಸತ್ತರು.

ಈ ಪ್ರಮಾಣವು ದೊರೆತ ಮೇಲೆಯೂ ಒಂದು ಕೊರತೆ ಉಳಿದಿದ್ದಿತು. ೨೦೦೮ರ ಹೋಲಿಕೆಯಲ್ಲಿ ಬ್ರಿಟನ್ನಿನ ನಿಶ್ಚಿತ ಶಸ್ತ್ರಕ್ರಿಯೆಗಳ ಮರಣಪ್ರಮಾಣವು ಯೂರೋಪಿನ ಸರಾಸರಿಯ ಸುಮಾರು ಇಮ್ಮಡಿಯಾಗಿದ್ದಿತು. ಆರೋಗ್ಯವಂತನೆಂದು ತಿಳಿದಿದ್ದವನನ್ನು ಕರೆತಂದು ಇಂತಹ ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ. ಆದುದರಿಂದ ಶಸ್ತ್ರವೈದ್ಯರು ತಮ್ಮ ಆಸ್ಪತ್ರೆಗಳ ಸುಧಾರಣೆಗೆ ಕೈಹಾಕಿದರು. ಕೆಲವೇ ವರ್ಷಗಳಲ್ಲಿ ಮರಣಪ್ರಮಾಣವು ಬಹಳವಾಗಿ ಇಳಿಯಿತು.

೨೦೦೯ರಲ್ಲಿ ಆರಂಭವಾದ ಯೋಜನೆಯು ೨೦೧೩ರ ವೇಳೆಗೆ ಇಂಗ್ಲೆಂಡನ್ನೆಲ್ಲ ವ್ಯಾಪಿಸಿತು. ೬೫ನೆಯ ವಯಸ್ಸಿನ ಪುರುಷರನ್ನು ಒಮ್ಮೆ ಕರೆಯುವರು, ಧಮನಿಯ ಅಳತೆ ೩ ಸೆಂಟಿಮೀಟರಿಗೆ ಕಡಿಮೆಯಿದ್ದರೆ ಮತ್ತೆ ಕರೆಯುವುದಿಲ್ಲ, ೫.೫ ಆದರೆ ಶಸ್ತ್ರವೈದ್ಯರಲ್ಲಿಗೆ ಕಳುಹಿಸುವರು. ನಡುವಿನವರನ್ನು ನಿಯತಕಾಲಕ್ಕೆ ಅಳೆಯುತ್ತಿರುವರು. ಸ್ತ್ರೀಯರಲ್ಲಿ ಈ ವ್ಯಾಧಿ ಅಪರೂಪವಾದುದರಿಂದ ಅವರನ್ನು ಕರೆಯುವ ಕ್ರಮವಿಲ್ಲ. ಧೂಮಪಾನವು ತಗ್ಗಿದಂತೆ ಉಬ್ಬುಳ್ಳ ಪುರುಷರೂ ನಿರೀಕ್ಷಿಸಿದುದಕ್ಕಿಂತ ಕಡಿಮೆಯಾಗಿ, ನೂರಕ್ಕೆ ಒಬ್ಬರಷ್ಟು ಮಾತ್ರ ಕಂಡುಬಂದರು.

ಚಿಚೆಸ್ಟರಿನ ಆರಂಭಕ್ಕೂ ರಾಷ್ಟ್ರದ ಆಜ್ಞೆಗೂ ನಡುವೆ ಸಂದ ಎರಡು ದಶಕಗಳಲ್ಲಿ ಅನೇಕರು ಸತ್ತಿರುವುದು ನಿಜ. ಆದರೆ ಆ ವಿಳಂಬವೆಲ್ಲವನ್ನೂ ಆಲಸ್ಯವೆಂದು ಎಣಿಸಲಾಗದು. ರೋಗಿಯು ತಾನಾಗಿ ಬಂದಾಗ ವೈದ್ಯನು ಶಕ್ತಿಯಿದ್ದಷ್ಟು ಮಾಡಿದರೆ ಸಾಕು. ವೈದ್ಯನೇ ಕರೆದಾಗಲಾದರೋ, ಕರೆಯುವುದಕ್ಕೆ ಮುಂಚೆ ತನ್ನ ಮನೆಯನ್ನು ಸರಿಪಡಿಸಿಕೊಂಡಿರಬೇಕು.