ಅವಧಿಪೂರ್ವ ಶಿಶುಗಳ ಹೃದಯ ಕವಾಟದ ರಕ್ಷಣೆ: ಕ್ಯಾತಿಟರ್ ಚಿಕಿತ್ಸೆ ಬೆಳೆದ ಬಗೆ

ಗರ್ಭದಲ್ಲಿರುವ ಮಗುವಿನ ಮಹಾಪಧಮನಿಯನ್ನೂ ಶ್ವಾಸಕೋಶದ ಅಪಧಮನಿಯನ್ನೂ ಡಕ್ಟಸ್ ಆರ್ಟೀರಿಯೋಸಸ್ ಎಂಬ ಕಿರುನಾಳ ಕೂಡಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳಬೇಕಾದ ಈ ನಾಳ, ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳಲ್ಲಿ ಅನೇಕ ವೇಳೆ ತೆರೆದೇ ಉಳಿಯುತ್ತದೆ. ಆಗ ಶ್ವಾಸಕೋಶಕ್ಕೆ ರಕ್ತ ಮಿತಿಮೀರಿ ಹರಿದು ಉಸಿರಾಟ ಕಷ್ಟವಾಗುತ್ತದೆ.

1938ರಲ್ಲಿ ಬಾಸ್ಟನ್‌ನ ರಾಬರ್ಟ್ ಗ್ರಾಸ್ ಶಸ್ತ್ರಚಿಕಿತ್ಸೆಯಿಂದ ಈ ನಾಳವನ್ನು ಕಟ್ಟಿದರು. 1967ರಲ್ಲಿ ಬರ್ಲಿನ್‌ನ ಪೋರ್ಸ್ಟ್‌ಮನ್ ಎದೆ ತೆರೆಯದೆ, ಕ್ಯಾತಿಟರ್ ಎಂಬ ತೆಳು ನಳಿಕೆಯ ಮೂಲಕ ಬಿರಡೆ ಕೂರಿಸಿ ಅದನ್ನು ಮುಚ್ಚಿದರು. 1976ರಲ್ಲಿ ಈ ನಾಳವನ್ನು ಮುಚ್ಚಿಸುವ ಇಂಡೊಮೆಥಾಸಿನ್ ಔಷಧದ ಪರಿಣಾಮ ವರದಿಯಾಯಿತು. 1990ರ ದಶಕದಲ್ಲಿ ನಾಳ ಮುಚ್ಚುವ ಲೋಹದ ಸುರುಳಿಗಳೂ ಆಂಪ್ಲಾಟ್ಜರ್ ಸಾಧನವೂ ಬಂದವು. ಆದರೆ ಅವುಗಳನ್ನು ಒಯ್ಯುವ ನಳಿಕೆಗಳು ಒಂದು ಕಿಲೋ ತೂಗುವ ಶಿಶುವಿಗೆ ದಪ್ಪವಾಗಿದ್ದವು. ಔಷಧ ಫಲಿಸದಿದ್ದರೆ ಅಂಥ ಶಿಶುಗಳಿಗೆ ಶಸ್ತ್ರಚಿಕಿತ್ಸೆಯೇ ಗತಿಯಾಗಿತ್ತು.

ಇಷ್ಟು ಚಿಕ್ಕ ಶಿಶುವಿನ ತೊಡೆಯ ಅಪಧಮನಿಗೆ ನಳಿಕೆ ತೂರಿಸಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಕಾಲಿಗೇ ಅಪಾಯವಾಗಬಹುದು. ಆದ್ದರಿಂದ ವೈದ್ಯರು ಅಪಧಮನಿಯನ್ನು ಬಿಟ್ಟು ಅಭಿಧಮನಿಯ ದಾರಿಯನ್ನಷ್ಟೇ ಹಿಡಿದರು. ಮಹಾಪಧಮನಿಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಹಾಯಿಸಿ ನೋಡುತ್ತಿದ್ದುದರ ಬದಲು ಎದೆಯ ಮೇಲಿನಿಂದ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್) ದಾರಿ ತೋರಿಸಿತು. ಕಾಲಿನ ಅಪಾಯ ತಗ್ಗಿತು. ಆದರೆ ಹೊಸ ದಾರಿ ಬಲ ಹೃತ್ಕರ್ಣದಿಂದ ತ್ರಿದಳ ಕವಾಟವನ್ನು ದಾಟಿಯೇ ಸಾಗಬೇಕು.

ಈ ಕವಾಟದ ದಳಗಳನ್ನು ನವಿರಾದ ತಂತುಗಳು ಹಿಡಿದಿರುತ್ತವೆ. ನಳಿಕೆಗೆ ದಾರಿ ತೋರುವ ತಂತಿ ಕವಾಟದ ನಡುಬಾಯಿಯನ್ನು ಬಿಟ್ಟು ತಂತುಗಳ ಸಂದಿಯಲ್ಲಿ ನುಸುಳಿದರೆ, ಅದರ ಹಿಂದೆ ಬರುವ ನಳಿಕೆ ಅವುಗಳನ್ನು ಹರಿಯಬಹುದು. ಗಡಸು ನಳಿಕೆ ದಳಗಳನ್ನು ತೆರೆದೇ ಇಟ್ಟಾಗಲೂ ರಕ್ತ ಹಿಮ್ಮುಖವಾಗಿ ಸೋರಿ ರಕ್ತದೊತ್ತಡ ಕುಸಿಯಬಹುದು. ಇಂಥ ಸೋರಿಕೆ ನಳಿಕೆ ತೆಗೆದರೆ ನಿಲ್ಲುತ್ತದೆ. ತಂತು ಹರಿದರೆ ಮಾತ್ರ ಸೋರಿಕೆ ಉಳಿದುಬಿಡುತ್ತದೆ.

ಇದನ್ನು ತಡೆಯುವ ಉಪಾಯಗಳು ಒಂದೊಂದಾಗಿ ಕೂಡಿಬಂದವು. 1970ರಲ್ಲಿ ಸ್ವಾನ್ ಮತ್ತು ಗಾಂಜ್ ತುದಿಯಲ್ಲಿ ಬಲೂನು ಇರುವ ಕ್ಯಾತಿಟರ್ ಪರಿಚಯಿಸಿದ್ದರು. ಉಬ್ಬಿದ ಬಲೂನು ಕಿರುಸಂದಿಯಲ್ಲಿ ತೂರದೆ ರಕ್ತದ ಹರಿವಿನೊಡನೆ ನಡುಬಾಯಿಯಿಂದ ಸಾಗುತ್ತದೆ. ಅದು ಹೊಂದದ ಶಿಶುಗಳಲ್ಲಿ ಬಾಗಿದ ಮೆತ್ತನೆಯ ತುದಿಯ ತಂತಿಯನ್ನು ಬಳಸುತ್ತಾರೆ. ತಂತಿಯ ದಾರಿಯನ್ನು ಎಕೋದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ನಳಿಕೆ ಮುಂದೊತ್ತುವುದು, ತಡೆ ಸಿಕ್ಕರೆ ಬಲ ಹಾಕದಿರುವುದು, ಜಾರಿದ ಸಾಧನವನ್ನು ನಳಿಕೆಯೊಳಗೆ ಸೆಳೆದುಕೊಂಡೇ ಕವಾಟ ದಾಟಿಸುವುದು ಮುಖ್ಯ ಎಚ್ಚರಿಕೆಗಳು.

2019ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕನಿಷ್ಠ 700 ಗ್ರಾಂ ತೂಕದ ಮತ್ತು ಹುಟ್ಟಿ ಕನಿಷ್ಠ 3 ದಿನವಾದ ಶಿಶುಗಳಿಗಾಗಿ, ನಾಳ ಮುಚ್ಚುವ ಪಿಕೊಲೊ ಸಾಧನಕ್ಕೆ ಒಪ್ಪಿಗೆ ನೀಡಿತು. ಈ ನಿಟಿನಾಲ್ ಲೋಹದ ಬಲೆಯನ್ನು ಒಯ್ಯುವ ನಳಿಕೆ 4 ಫ್ರೆಂಚ್ ಅಳತೆಯದು, ಅಂದರೆ ಸುಮಾರು 1.3 ಮಿಲಿಮೀಟರ್ ದಪ್ಪ. ಆದರೂ ಅದರ ಪ್ರಯೋಗದಲ್ಲಿ 2 ಕಿಲೋಗಿಂತ ಕಡಿಮೆ ತೂಕದ ಕೆಲವು ಶಿಶುಗಳಲ್ಲಿ ತ್ರಿದಳ ಕವಾಟದ ಸೋರಿಕೆ ಕಂಡುಬಂತು. ಸಾಧನ ಸಣ್ಣದಾದರಷ್ಟೇ ಸಾಲದು, ನುರಿತ ಕೈಗಳೂ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಚಿಕಿತ್ಸೆಗೆ ಮುಂಚೆ, ನಡುವೆ ಹಾಗೂ ನಂತರ ಎಕೋದಲ್ಲಿ ಕವಾಟವನ್ನು ಪರೀಕ್ಷಿಸುವುದೂ, ಮಗು ಬೆಳೆದಂತೆ ಮತ್ತೆ ನೋಡುವುದೂ ಅಗತ್ಯ. ಎಷ್ಟೋ ಶಿಶುಗಳಲ್ಲಿ ನಾಳ ತಿಂಗಳುಗಳ ನಂತರ ತಾನಾಗಿಯೇ ಮುಚ್ಚುವುದರಿಂದ, ಯಾವ ಮಗುವಿಗೆ ಈ ಚಿಕಿತ್ಸೆ ನಿಜಕ್ಕೂ ಬೇಕೆಂದು ಸರಿಯಾಗಿ ನಿರ್ಧರಿಸುವುದೂ ಕವಾಟದ ರಕ್ಷಣೆಯೇ.