ಶ್ರೀಗಂಧದ ಎಣ್ಣೆ

ಶ್ರೀಗಂಧ (ಸ್ಯಾಂಟಲಮ್ ಆಲ್ಬಮ್) ಮರದ ಚೇಗು ಮತ್ತು ಬೇರಿನಿಂದ ಇಳಿಸುವ ಸುಗಂಧ ತೈಲ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಬೇರಿನಲ್ಲಿ ಎಣ್ಣೆ ಹೆಚ್ಚು. ಆದ್ದರಿಂದಲೇ ಮರವನ್ನು ಕಡಿಯದೆ ಬುಡಸಮೇತ ಕೀಳುತ್ತಾರೆ. ಚೇಗನ್ನು ಪುಡಿಮಾಡಿ ಹಬೆ ಹಾಯಿಸಿದರೆ ತಿಳಿಹಳದಿ ಬಣ್ಣದ, ಮಂದವಾದ ಎಣ್ಣೆ ನಿಧಾನವಾಗಿ ಇಳಿಯುತ್ತದೆ. ಪರಿಮಳದ ಜೀವಾಳ ಸ್ಯಾಂಟಲಾಲ್. ಉತ್ತಮ ಎಣ್ಣೆಯಲ್ಲಿ ಇದರ ಪಾಲು ಶೇ. 90ರಷ್ಟು.

ಮೈಸೂರು ಸೀಮೆಯ ಗಂಧದ ತುಂಡುಗಳು ಮೊದಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿತು, ದಾಸ್ತಾನು ಕೊಳೆಯುವ ಬದಲು ಕಾರ್ಖಾನೆ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ಬಟ್ಟಿ ಇಳಿಸುವುದು ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪು ಅದರ ಕೂಸು.

ಬೇರೆ ಪರಿಮಳಗಳನ್ನು ಹಿಡಿದಿಡುವ ಗುಣದಿಂದ ಕನೌಜಿನ ಅತ್ತರಿಗೆ ಶ್ರೀಗಂಧದ ಎಣ್ಣೆ ಸಾಂಪ್ರದಾಯಿಕ ತಳಹದಿ. ಕನ್ನಡ ಮನೆಗಳಲ್ಲಿ ಈ ಎಣ್ಣೆಯ ಪರಿಚಯ ಹೆಚ್ಚಾಗಿ ಬಚ್ಚಲಿನ ಸೋಪು, ದೇವರ ಮುಂದಿನ ಊದುಬತ್ತಿಯಿಂದಲೇ. ಅಗ್ಗದ ಊದುಬತ್ತಿಯಲ್ಲಿ ಮಾತ್ರ ಗಂಧಕ್ಕಿಂತ ಕೃತಕ ಸುವಾಸನೆಯೇ ಜಾಸ್ತಿ. ಟಿಪ್ಪು ಸುಲ್ತಾನನ ಕಾಲದಿಂದ ಸರ್ಕಾರದ ಸೊತ್ತಾಗಿದ್ದ ಶ್ರೀಗಂಧದ ಮರದ ಒಡೆತನ ಕರ್ನಾಟಕದಲ್ಲಿ ಜಮೀನಿನವರಿಗೆ ದಕ್ಕಿದ್ದು 2001ರ ತಿದ್ದುಪಡಿಯಿಂದ.